ಗುರುವಿನ ಬೆನ್ನು ತಟ್ಟಿದ ಕೈ

ಕೆಳಗಿನ ಮನೆಯ ಕುಸುಮ್‌ಬೆನ್ "ಭಾಭೀ, ಜಲ್ದೀ ಆವೋ, ಗುರು ಕಾ ಫೋನ್ ಹೈ!" ಎಂದು ಕೂಗಿದಾಗ ನಾನು ಮುಂಬಯಿಯ ನಮ್ಮ ಚಾಳಿನ ಗ್ಯಾಲರಿಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಗುಬ್ಬಿ ಬಾಯಿ ಹಾಕದಂತೆ ಮೊರದ ಮೇಲೊಂದು ಟವೆಲ್ಲು ಮುಚ್ಚಿ ಮೆಟ್ಟಿಲಿಳಿದು ಓಡಿದೆ. ಆ ಫೋನಿನಿಂದ ಮುಂದೆ ಏನೇನಾಯಿತೆಂದು ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ. ಧೈರ್ಯ ಬಂದಿರಲಿಲ್ಲ. ಏಕೆಂದರೆ ಇಂಥ ಸಂಗತಿ ಹೇಳುವವರನ್ನು ಕಂಡರೆ ನಾನೇ ನಗುತ್ತಿದ್ದೆ.

ನಾನು ದೇವರನ್ನು ನಂಬಿದವಳು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಜೋರಾಗಿ ಬಂದರೆ ಬನಶಂಕರಿಗೆ ಕೈಮುಗಿಯುತ್ತೇನೆ, ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ಇನ್ನೊಮ್ಮೆ ಮುಗಿಯುತ್ತೇನೆ. ಆದರೆ ದೇವರು ಬೇರೆ, ಭ್ರಮೆ ಬೇರೆ. ನಮ್ಮ ಚಾಳಿನಲ್ಲಿ ಒಬ್ಬಾಕೆಗೆ ಮಂಗಳವಾರ ಬಂದರೆ ಸಾಕು, ಮೈಮೇಲೆ ಬರುತ್ತಿತ್ತು. ಎಲ್ಲರೂ ಅರಿಷಿಣ ಕುಂಕುಮ ಹಿಡಿದು ಓಡುತ್ತಿದ್ದರು. ನಾನು ಮಾತ್ರ "ಆಕಿಗೆ ಮನ್ಯಾಗ ಕೆಲಸಾ ಕಡಿಮಿ ಆಗೇದ" ಎಂದು ನನ್ನ ಪಾತ್ರೆ ತಿಕ್ಕುತ್ತ ಕೂರುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಗುರು ನನ್ನ ಮೈದುನ. ನಾನು ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಘಾಟ್ಕೋಪರ್‌ಗೆ ಬಂದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅತ್ತೆ ಮಾವ ಆಗಲೇ ತೀರಿಹೋಗಿದ್ದರು. ನನ್ನ ಕೈಯಲ್ಲೇ ಬೆಳೆದ. ಕಾಲೇಜು ಅರ್ಧಕ್ಕೆ ಬಿಟ್ಟು, ಮದುವೆಗಳಲ್ಲಿ, ನವರಾತ್ರಿಯಲ್ಲಿ ಹಾಡು ಹಾಕುವ ಒಬ್ಬರ ಬಳಿ ಸ್ಪೀಕರಿನ ಡಬ್ಬ ಹೊರಲು ಸೇರಿಕೊಂಡ. ಹೊರುತ್ತ ಹೊರುತ್ತ ತಾನೇ ಹಾಕಲು ಕಲಿತ. ತೊಂಬತ್ತರ ಹೊತ್ತಿಗೆ ಮುಂಬಯಿಯ ದೊಡ್ಡ ಹೋಟೆಲುಗಳ ಡಿಸ್ಕೋಗಳಲ್ಲಿ ಹೊಸದೊಂದು ಸಂಗೀತ ಶುರುವಾಗಿತ್ತು. ಅದಕ್ಕೆ 'ಹೌಸ್' ಎನ್ನುತ್ತಾರಂತೆ. ಹಾಡು ಕಡಿಮೆ, ಪೆಟ್ಟು ಹೆಚ್ಚು. ಧಪ್ ಧಪ್ ಧಪ್ ಧಪ್, ಒಂದೇ ಸಮ. ಗುರು ಅದರ ಹುಚ್ಚಿಗೆ ಬಿದ್ದು, ಸಾಂತಾಕ್ರೂಜ್‌ನ ಒಂದು ಹೋಟೆಲಿನ ಡಿಸ್ಕೋದಲ್ಲಿ ಡಬ್ಬ ಹೊರಲು ಸೇರಿದ. ಹೋಟೆಲಿನವರು ಅವನಿಗೆ 'ಡೀಜೆ ಗ್ಯಾರಿ' ಎಂದು ಹೆಸರಿಟ್ಟರು. ನಮ್ಮ ಮನೆಯವರು ಕುರ್ಲಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅವರಿಗೆ ಇದು ಕೇಳಿದರೆ ಮೈ ಉರಿ. "ಬಾರಪಾ ಗ್ಯಾರೀಸಾಹೇಬ, ಊಟಾ ಆತೇನು? ಹೆಸರು ಹೌಸ್ ಅಂತ, ಕೆಲಸಾ ಮನೀ ಮುರಿಯೂದು" ಎಂದು ಚುಚ್ಚುತ್ತಿದ್ದರು.

ಅವನ ಕೆಲಸ ಹೇಗೆಂದು ನಿಮಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಡು ರೆಕಾರ್ಡುಗಳು ಎರಡು ಪೆಟ್ಟಿಗೆಗಳ ಮೇಲೆ ತಿರುಗುತ್ತಿರುತ್ತವೆ. ಒಂದು ಜನರಿಗೆ ಕೇಳುತ್ತಿರುತ್ತದೆ. ಇನ್ನೊಂದು ಡೀಜೆಯ ಕಿವಿಗೆ ಹಚ್ಚಿದ ಹೆಡ್‌ಫೋನಿನಲ್ಲಿ ಮಾತ್ರ. ಒಂದು ಕಿವಿಯಲ್ಲಿ ಹೊರಗಿನದು, ಇನ್ನೊಂದು ಕಿವಿಯಲ್ಲಿ ಮುಂದೆ ಬರುವುದು. ಎರಡರ ಪೆಟ್ಟೂ ಕೂಡುವಂತೆ ಬೆರಳಲ್ಲಿ ವೇಗ ಹೆಚ್ಚು ಕಡಿಮೆ ಮಾಡಿ, ಕುಣಿಯುವವರ ಕಾಲಿಗೆ ಗೊತ್ತಾಗದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ಕೂಡಲಿಲ್ಲವೋ, ಇಬ್ಬರು ಹೆಂಗಸರು ಒಂದೇ ಒರಳಿಗೆ ಹಾಕುವ ಒನಕೆಗಳು ಒಂದಕ್ಕೊಂದು ಬಡಿದ ಹಾಗೆ.

ಆ ಫೋನು ಬರುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಗುರುವಿನ ಎಡಗಿವಿ ಸೋರತೊಡಗಿತು. ಬೆಚ್ಚಗಿನ ಎಣ್ಣೆ, ಬೆಳ್ಳುಳ್ಳಿ, ಏನು ಹಾಕಿದರೂ ನಿಲ್ಲಲಿಲ್ಲ. ಸ್ಟೇಷನ್ ಹತ್ತಿರದ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಒಳಗಿನ ಪರದೆ ಹರಿದುಹೋಗಿದೆ, ಆ ಕಿವಿ ಇನ್ನು ಕೇಳುವುದು ಕಷ್ಟ ಎಂದರು. ದವಾಖಾನೆಯ ಮೆಟ್ಟಿಲ ಮೇಲೆಯೇ ಗುರು ನನ್ನ ಕೈ ಹಿಡಿದುಕೊಂಡ. "ವೈನಿ, ಅಣ್ಣಗ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ. ಹೊರಗ ಗೊತ್ತಾತಂದ್ರ ಮದಿವಿ ಪಾರ್ಟಿಗೂ ನನ್ನ ಯಾರೂ ಕರಿಯಂಗಿಲ್ಲ."

ಆಮೇಲೆ ನಾವಿಬ್ಬರೇ ಒಂದು ಉಪಾಯ ಮಾಡಿದೆವು. ಮಧ್ಯಾಹ್ನ ಮನೆಯವರು ಕೆಲಸಕ್ಕೆ ಹೋದಾಗ ಗುರು ಮನೆಯಲ್ಲೇ ಇದ್ದ ತನ್ನ ಹಳೆಯ ಎರಡು ಪೆಟ್ಟಿಗೆ ಹೂಡಿ, ಹೆಡ್‌ಫೋನನ್ನು ಬಲಗಿವಿಗೆ ಹಚ್ಚಿ ಒಳಗಿನದನ್ನು ಕೇಳುವನು. ಹೊರಗಿನ ಪೆಟ್ಟನ್ನು ನಾನು ಅವನ ಎದುರಿಗೆ ಕುಳಿತು ಮೊರದ ಬೆನ್ನಿನ ಮೇಲೆ ಅಂಗೈಯಿಂದ ತಟ್ಟಿ ತೋರಿಸುವೆನು. ಅವನು ನನ್ನ ಕೈ ನೋಡುತ್ತ ಎರಡನ್ನೂ ಕೂಡಿಸುವನು. ಆ ಸಂಗೀತ ನನಗೇನು ತಿಳಿಯಬೇಕು? ಆದರೆ ಜೋಳದ ರೊಟ್ಟಿ ಬಡಿದು ಬಡಿದು ನನ್ನ ಕೈ ತಾಳ ತಪ್ಪುತ್ತಿರಲಿಲ್ಲ. ಸ್ವಲ್ಪ ದಿನಗಳಲ್ಲಿ ಎಷ್ಟು ಚೆನ್ನಾಗಿ ಕೂಡತೊಡಗಿತೆಂದರೆ, ಕುಸುಮ್‌ಬೆನ್ ಕೂಡ ಕೆಳಗಿನಿಂದ "ಅಚ್ಛಾ ಹೈ" ಎಂದಳು.

ಆ ದಿನ ಫೋನಿನಲ್ಲಿ ಬಂದ ಸುದ್ದಿ ಇದು. ಸಾಂತಾಕ್ರೂಜ್‌ನ ಹೋಟೆಲಿನ ಡಿಸ್ಕೋದಲ್ಲಿದ್ದ ಡೀಜೆ ಕೆಲಸ ಬಿಟ್ಟು ದುಬೈಗೆ ಹೋಗಿದ್ದ. ಬರುವ ಭಾನುವಾರ ಗುರು ಹಾಕಿ ನೋಡಲಿ, ಮ್ಯಾನೇಜರಿಗೆ ಒಪ್ಪಿಗೆಯಾದರೆ ಆ ಜಾಗ ಅವನದೇ. ಸಂಜೆ ಮನೆಯವರಿಗೆ ಹೇಳಿದೆವು. "ಒಂದ ಸಲ ನೋಡು. ಆಗ್ಲಿಲ್ಲಂದ್ರ ಸೋಮವಾರದಿಂದ ನನ್ನ ಕೂಡ ಕುರ್ಲಾಕ್ಕ ಬಾ, ಹೆಲ್ಪರ್ ಜಾಗಾ ಅದ" ಎಂದರು. ಗುರು ತಲೆಯಾಡಿಸಿದ. ಅವರು ಆಚೆ ಹೋದ ಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಅಂದ: "ವೈನಿ, ನೀವೂ ಬರಬೇಕ್ರಿ. ಮುಂದ ಕೂತು ಕೈ ತೋರಸ್ರಿ. ನೀವು ಇಲ್ಲಂದ್ರ ನನ್ನಿಂದ ಆಗೂದಿಲ್ಲ."

ಭಾನುವಾರ ಮಧ್ಯಾಹ್ನದ್ದು ಕಾಲೇಜು ಹುಡುಗ ಹುಡುಗಿಯರ ಸೆಷನ್ನು. ಕುಡಿತವಿಲ್ಲ, ಬರೀ ತಂಪು ಪಾನೀಯ, ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ನಾನೂ ಒಪ್ಪಿದೆ. ಹಸಿರು ಇಳಕಲ್ ಸೀರೆ ಉಟ್ಟು, ಅವನಿಗೆಂದು ಚಪಾತಿ ಪಲ್ಯದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ದಾದರ್‌ನಲ್ಲಿ ಗಾಡಿ ಬದಲಿಸಿ ಹೋದೆ. ಬಾಗಿಲಲ್ಲಿ ಶೀನ ಎಂಬ ಕುಂದಾಪುರ ಕಡೆಯ ವೇಟರ್ ಸಿಕ್ಕಿದ್ದು ನನ್ನ ಪುಣ್ಯ. "ಗ್ಯಾರಿಯ ಅತ್ತಿಗೆಯಾ? ಬನ್ನಿ ಅಮ್ಮ, ಹೆದರಬೇಡಿ, ಇವೆಲ್ಲ ಕೂಗುವ ಮಕ್ಕಳು, ಕಚ್ಚುವುದಿಲ್ಲ" ಎಂದು ಒಳಗೆ ಕರೆದೊಯ್ದ.

ಒಳಗೆ ಕಾಲಿಟ್ಟ ಕೂಡಲೇ ಕತ್ತಲೆ! ಹೊರಗೆ ಸುಡುಬಿಸಿಲು, ಒಳಗೆ ಅಮಾವಾಸ್ಯೆ. ಮನೆಯಲ್ಲಿ ನಾವು ಅಭ್ಯಾಸ ಮಾಡಿದ್ದು ಟ್ಯೂಬ್‌ಲೈಟಿನ ಕೆಳಗೆ. ಡಿಸ್ಕೋ ಎಂದರೆ ಕತ್ತಲೆ ಎಂದು ನನಗಂತೂ ಗೊತ್ತಿರಲಿಲ್ಲ. ದಿನಾ ಅಲ್ಲೇ ಡಬ್ಬ ಹೊರುತ್ತಿದ್ದ ಗುರುವಿಗೂ ಅದು ಹೊಳೆದಿರಲಿಲ್ಲ. ಶೀನ ನನ್ನನ್ನು ದೂರದ ಮೂಲೆಯ ಸೋಫಾದಲ್ಲಿ ಕೂರಿಸಿದ. ಆ ತುದಿಯಲ್ಲಿ ಗಾಜಿನ ಗೂಡಿನಂಥ ಜಾಗದಲ್ಲಿ, ನನಗೆ ಓರೆಯಾಗಿ, ಗುರು. ನಡುವೆ ಹೊಗೆ, ಮಿಣುಕುವ ದೀಪ, ತುಂಬ ಕುಣಿಯುವ ಹುಡುಗರು.

ಮೊದಲನೆಯ ರೆಕಾರ್ಡು ಮುಗಿದು ಎರಡನೆಯದಕ್ಕೆ ದಾಟಿಸುವಾಗ ಒನಕೆಗಳು ಬಡಿದೇ ಬಿಟ್ಟವು. ಕುಣಿಯುತ್ತಿದ್ದವರು ನಿಂತರು. "ಏ ಗ್ಯಾರೀ, ಸೋ ಗಯಾ ಕ್ಯಾ?" ಎಂದು ಯಾರೋ ಕೂಗಿದರು, ಸೀಟಿ ಹೊಡೆದರು. ಗೂಡಿನ ಪಕ್ಕ ಮ್ಯಾನೇಜರು ಕೈಕಟ್ಟಿ ನಿಂತಿದ್ದರು. ದೀಪ ಮಿಣುಕಿದಾಗ ಗುರುವಿನ ಮುಖ ಕಾಣಿಸಿತು. ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ ನನ್ನನ್ನು ಹುಡುಕುತ್ತಿದ್ದ. ನಾನು ಎದ್ದು ಕೈ ಎತ್ತಿದೆ. ಕಾಣುವುದೆಲ್ಲಿಂದ? ಮುಂದೆ ಹೋಗಲು ನೋಡಿದರೆ ಹುಡುಗರ ಮೊಣಕೈ ತಾಗಿ ಮತ್ತೆ ಸೋಫಾಕ್ಕೇ ಬಂದು ಬಿದ್ದೆ. ಇನ್ನೇನು ಮಾಡಲಿ? ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿ, ತಾಯಿ ಬನಶಂಕರಿ, ಹುಡುಗನ ಅನ್ನ ಕಿತ್ತುಕೋಬೇಡ ಎಂದೆ.

ಕಣ್ಣು ತೆರೆದಾಗ ಅವನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು.

ತಲೆಯ ಮೇಲೆ ಸೆರಗು. ಮುಖ ಕಾಣಲಿಲ್ಲ. ಬಲಗೈಯನ್ನು ಗುರುವಿನ ಬೆನ್ನ ಮೇಲೆ ಇಟ್ಟು ತಟ್ಟುತ್ತಿದ್ದಳು. ದೀಪ ಮಿಣುಕಿದಾಗೊಮ್ಮೆ ಕೈ ಮೇಲೆ, ಇನ್ನೊಮ್ಮೆ ಕೈ ಕೆಳಗೆ. ಪೆಟ್ಟು ಪೆಟ್ಟಿಗೂ ಸರಿಯಾಗಿ. ಕಸ ಗುಡಿಸುವ ಹೆಂಗಸು ಯಾರೋ ಇರಬೇಕು, ಗುರು ಹೇಳಿಕೊಟ್ಟಿರಬೇಕು ಎಂದುಕೊಂಡೆ. ಯಾರಾದರೇನು, ಪುಣ್ಯಾತ್ಗಿತ್ತಿ ಎಂದು ಮನಸ್ಸಲ್ಲೇ ಕೈಮುಗಿದೆ. ಮುಂದಿನ ರೆಕಾರ್ಡು ಯಾವಾಗ ಬಂತೆಂದೇ ತಿಳಿಯಲಿಲ್ಲ, ಹಾಲಿಗೆ ಹಾಲು ಬೆರೆತಂತೆ ಕೂಡಿತು. ಅದರ ಮುಂದಿನದೂ ಹಾಗೆಯೇ. ಹುಡುಗರು ಹೋ ಎಂದು ಕುಣಿಯತೊಡಗಿದರು. ಮ್ಯಾನೇಜರ ಕೈ ಬಿಚ್ಚಿತು, ತಲೆ ಆಡತೊಡಗಿತು.

ನಾನು ಸಮಾಧಾನದಿಂದ ನೋಡುತ್ತ ಕುಳಿತೆ. ನೋಡುತ್ತ ನೋಡುತ್ತ ಮುಂದಕ್ಕೆ ಬಾಗಿದೆ. ಆಕೆಯ ಸೀರೆ ಹಸಿರು. ಇರಲಿ, ಹಸಿರು ಸೀರೆ ಎಷ್ಟು ಜನ ಉಡುವುದಿಲ್ಲ? ಆದರೆ ಆಕೆ ನಡುನಡುವೆ ತಟ್ಟುವುದನ್ನು ನಿಲ್ಲಿಸದೆಯೇ, ಎಡಗೈಯಲ್ಲಿ ಕೆಳಗಿಳಿದ ಬಳೆಗಳನ್ನು ಎದೆಗೆ ಒತ್ತಿ ಮೇಲಕ್ಕೆ ಸರಿಸುತ್ತಿದ್ದಳು. ರೊಟ್ಟಿ ಬಡಿಯುವಾಗ ಹಿಟ್ಟಿನ ಕೈ ತಾಗದಿರಲೆಂದು ನಾನು ಹಾಗೆ ಮಾಡುತ್ತೇನೆ. ಬೇರೆ ಯಾರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ತಟ್ಟನೆ ನನ್ನ ಕೈಗಳ ಕಡೆ ನೋಡಿಕೊಂಡೆ. ಎರಡೂ ಚೀಲದ ಮೇಲೆಯೇ ಇದ್ದವು. ಅಲುಗಿರಲಿಲ್ಲ.

ಸೆಷನ್ನು ಮುಗಿದು ದೀಪಗಳು ಹತ್ತಿದವು. ಮ್ಯಾನೇಜರು ಗುರುವಿನ ಭುಜ ಹಿಡಿದು ಕುಲುಕಿ ಏನೋ ಹೇಳುತ್ತಿದ್ದರು. ಮುಂದಿನ ಭಾನುವಾರದಿಂದ ಕಾಯಂ ಎಂದು ಆಮೇಲೆ ತಿಳಿಯಿತು. ನಾನು ನೇರ ಗೂಡಿನ ಬಳಿ ಹೋಗಿ ಇಣುಕಿದೆ. ಗುರು ನಿಂತಿದ್ದ ಜಾಗದ ಹಿಂದೆಯೇ ಗೋಡೆ. ಗೋಡೆಯುದ್ದಕ್ಕೂ ಕನ್ನಡಿ. ನಡುವೆ ರೆಕಾರ್ಡಿನ ಡಬ್ಬಗಳು. ಒಂದು ಪೊರಕೆ ನಿಲ್ಲಿಸಲೂ ಜಾಗವಿರಲಿಲ್ಲ. ಓ, ಕನ್ನಡಿಯಲ್ಲಿ ನನ್ನನ್ನೇ ನೋಡಿದ್ದೇನೆ ಎಂದು ಉಸಿರು ಬಿಟ್ಟೆ. ಆದರೆ ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಅಷ್ಟು ದೂರ ಕತ್ತಲೆಯಲ್ಲಿ ಚೀಲ ಹಿಡಿದು ಕುಳಿತವಳು ಕನ್ನಡಿಯಲ್ಲಿ ಎದ್ದು ನಿಂತು ಬೆನ್ನು ತಟ್ಟುವುದುಂಟೆ?

ಗುರು ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಕಾಲು ಮುಟ್ಟಿದ. "ನೀವು ಬರದಿದ್ರ ನನ್ನ ಕತಿ ಮುಗೀತಿತ್ರಿ ವೈನಿ. ಒಳಗ ಹೆಂಗ ಬಂದ್ರಿ? ಬಾಗಲಾ ನಾ ಚಿಲಕಾ ಹಾಕಿದ್ನಲ್ಲ?"

"ನಾ ಎಲ್ಲಿ ಬಂದೇನೋ? ಆ ಮೂಲ್ಯಾಗ ಕೂತಿದ್ದೆ."

"ಚಾಷ್ಟಿ ಸಾಕ್ರಿ. ಸಣ್ಣಾಂವ ಇದ್ದಾಗ ಬೆನ್ನ ತಟ್ಟಿ ಮಲಗಸ್ತಿದ್ರಲ್ಲ, ಅದ ಕೈ. ನನಗ ಗೊತ್ತಾಗಂಗಿಲ್ಲೇನು? ತಿರುಗಿ ನೋಡಿದ್ರ ತಾಳ ತಪ್ಪತೈತಿ ಅಂತ ನೋಡ್ಲಿಲ್ಲ ಅಷ್ಟ."

ನಾನು ಬಾಯಿ ತೆರೆಯುವಷ್ಟರಲ್ಲಿ ಶೀನ ತಂಪಿನ ಬಾಟ್ಲಿ ಹಿಡಿದು ಬಂದ. "ಎಲ್ಲಿ ಹೋಗಿದ್ರಿ ಅಮ್ಮ? ಇದನ್ನು ಹಿಡ್ಕೊಂಡು ಎರಡು ಸಲ ಬಂದೆ ಮಾರಾಯ್ರೆ. ಸೋಫಾದಲ್ಲಿ ನಿಮ್ಮ ಚೀಲ ಒಂದೇ ಇತ್ತು. ಕಾಲೇಜು ಮಕ್ಕಳು ಒಳಗಿನ ಡಬ್ಬಿ ಕದ್ದು ತಿಂದುಬಿಟ್ಟಾರು ಅಂತ ನಾನೇ ಸ್ವಲ್ಪ ಹೊತ್ತು ಕಾದೆ."

ಗುರು ನಕ್ಕ. "ನೋಡ್ರಿ ಮತ್ತ!" ಎಂದ. ನಾನು ನಗಲಿಲ್ಲ. ಆ ಸೋಫಾದಿಂದ ನಾನು ಎದ್ದಿದ್ದು ಒಂದೇ ಸಲ, ಮೊದಲ ರೆಕಾರ್ಡು ಕೆಟ್ಟಾಗ. ಚೀಲ ನನ್ನ ಕೈಬಿಟ್ಟಿರಲೇ ಇಲ್ಲ.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ದೇವರಿಗೆ ಕೈಮುಗಿಯಬೇಕೆಂದು ನೆನಪಾಗಿದ್ದು ಕುರ್ಲಾ ದಾಟಿದ ಮೇಲೆ. ಕೈ ಜೋಡಿಸಿದಾಗ ಬಲ ಅಂಗೈ ಚುರ್ರೆಂದಿತು. ಬಿಡಿಸಿ ನೋಡಿದರೆ ಕೆಂಪಗೆ ಊದಿಕೊಂಡಿತ್ತು.

ಮನೆಯವರಿಗೆ ಎಲ್ಲವನ್ನೂ ಹೇಳಿದೆ, ಕಿವಿಯ ವಿಷಯವನ್ನೊಂದು ಬಿಟ್ಟು. "ಗದ್ದಲದಾಗ ತಲಿ ತಿರುಗಿರಬೇಕು, ಮಜ್ಜಿಗಿ ಕುಡಿ" ಎಂದರು. ಆದರೆ ಗುರುವಿನ ತಟ್ಟೆಗೆ ತಾವೇ ತುಪ್ಪ ಬಡಿಸಿ "ಕುರ್ಲಾದವರಿಗೆ ನಾ ಹೇಳ್ತೀನಿ, ಬ್ಯಾರೆ ಹುಡುಗನ್ನ ನೋಡ್ಕೋತಾರ" ಎಂದರು. ಅದು ನನಗೆ ಸಾಕಾಯಿತು. ಕುಸುಮ್‌ಬೆನ್ ಅದು ದೇವಿಯೇ ಎಂದಳು. ದೇವಿ ಬಂದಿದ್ದರೆ ನನ್ನ ಕೈ ಏಕೆ ಊದಬೇಕು? ನಾನೇ ಹೋಗಿದ್ದರೆ, ಸೋಫಾದಲ್ಲಿ ಕುಳಿತು ನೋಡಿದವಳು ಯಾರು? ಶೀನನಿಗೆ ಸುಳ್ಳು ಹೇಳಿ ಆಗಬೇಕಾದ್ದೇನಿತ್ತು? ಆಮೇಲೆ ಎಷ್ಟೋ ಭಾನುವಾರ ಹೋಗಿ ಅದೇ ಸೋಫಾದಲ್ಲಿ ಕುಳಿತೆ. ಗುರು ಗೂಡಿನೊಳಗೆ ಒಂದು ಸಣ್ಣ ಕೆಂಪು ದೀಪ ಹಾಕಿಸಿಕೊಂಡು, ಹೊರಗಿನ ತಾಳಕ್ಕೆ ಸರಿಯಾಗಿ ಅದು ಮಿಣುಕುವಂತೆ ಮಾಡಿಕೊಂಡಿದ್ದ. ಅದನ್ನು ನೋಡಿಯೇ ಹಾಕುತ್ತಿದ್ದ. ಹೆಸರೂ ಮಾಡಿದ. ಆ ಹೆಂಗಸು ಮತ್ತೆ ಕಾಣಲಿಲ್ಲ. ಅಂದು ನಾನು ಒಳಗೆ ಬಂದಿರಲಿಲ್ಲ ಎಂದು ಇವತ್ತು ಹೇಳಿದರೂ ಅವನು ನಂಬುವುದಿಲ್ಲ. ಹೇಳಿ ಹೇಳಿ ಈಗೀಗ ನನಗೇ ಅನುಮಾನ ಬರುತ್ತದೆ.

ಆ ಮೊದಲ ಭಾನುವಾರ ರಾತ್ರಿ ಊಟವಾದ ಮೇಲೆ ಅವರಿಬ್ಬರೂ ಗ್ಯಾಲರಿಯಲ್ಲಿ ಮಾತಾಡುತ್ತ ನಿಂತರು. ಅಣ್ಣ ತಮ್ಮ ಹಾಗೆ ನಗುತ್ತ ಮಾತಾಡಿ ಬಹಳ ದಿನಗಳಾಗಿದ್ದವು. ನಾನು ಒಳಗೆ ಮರುದಿನಕ್ಕೆ ಹೆಸರುಕಾಳು ನೆನೆಹಾಕಲು ಪಾತ್ರೆಗೆ ನೀರು ಸುರಿದೆ. ನೀರು ತಣ್ಣಗಿತ್ತು. ಅಂಗೈಯನ್ನು ಸ್ವಲ್ಪ ಹೊತ್ತು ಅದರಲ್ಲೇ ಇಟ್ಟುಕೊಂಡೆ. ಆಮೇಲೆ ಎಡಗೈಯಿಂದ ಕಾಳು ತೊಳೆದೆ.