ಕಾಮಾಲೆ ಬಾರದ ಗಾಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ತಾರಸಿಯ ಮೇಲೆ ಮಂಡಿಯೂರಿ ಕುಳಿತ ಹೆಂಗಸೊಬ್ಬರು ಚೌಕಟ್ಟಿನಲ್ಲಿರುವ ಗಾಜುಗಳ ಇಬ್ಬನಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಾರೆ. ಒಂದೊಂದರ ಅಂಚಿಗೂ ಕಣ್ಣಿಟ್ಟು ನೋಡುತ್ತಾರೆ. ಕೊನೆಯ ಗಾಜಿನ ಮೇಲೆ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಅಂಚಿನಕ್ಕ ಎಂದು. ಎರಡು ಗಾಜುಗಳ ನಡುವೆ ಪೆರೊವ್‌ಸ್ಕೈಟ್ ಎಂಬ ವಸ್ತುವಿನ ತೆಳು ಲೇಪವಿರುತ್ತದೆ. ಅದು ಬಿಸಿಲಿನ ಒಂದು ಪಾಲನ್ನು ಹೀರಿ ವಿದ್ಯುತ್ ಮಾಡುತ್ತದೆ, ಉಳಿದದ್ದನ್ನು ಒಳಗೆ ಬಿಡುತ್ತದೆ. ಮುಂದೆ ಮನೆಯ ಕಿಟಕಿಯೇ ಮನೆಯ ದೀಪ ಉರಿಸಲಿ ಎಂಬ ಆಸೆ. ಆದರೆ ಲೇಪಕ್ಕೆ ತೇವ ಆಗಿಬರದು. ಸೂಜಿಮೊನೆಯಷ್ಟು ಸಂದು ಸಿಕ್ಕರೂ ಕಂದು ಗಾಜು ಹಳದಿಗೆ ತಿರುಗಿ ಕೆಟ್ಟುಹೋಗುತ್ತದೆ. ಆ ಅಂಚನ್ನು ಅಂಟಿನಿಂದ ಮುಚ್ಚುವುದೇ ಅಕ್ಕನ ಕೆಲಸ. ಮುಚ್ಚಿದ ಗಾಜುಗಳನ್ನು ಮಳೆ, ಬಿಸಿಲಿಗೆ ಒಡ್ಡಿ ಪರೀಕ್ಷಿಸುವುದು ಈ ತಾರಸಿಯಲ್ಲಿ.

ಅಕ್ಕನ ಗಂಡನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಾಗಿತ್ತು. ಅವರು ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಬಿತ್ತು, ಅವರು ಕಲಿಸಿದ ಕಸುಬು ಅಕ್ಕನ ಕೈಯಲ್ಲಿ ಉಳಿಯಿತು. “ಅಲ್ಲಿ ಧೂಳು ಒಳಗೆ ಹೋಗ್ಬಾರ್ದಿತ್ತು. ಇಲ್ಲಿ ಗಾಳಿನೂ ಹೋಗ್ಬಾರ್ದು. ಅಷ್ಟೇ ವ್ಯತ್ಯಾಸ,” ಎನ್ನುತ್ತಾರೆ ಅಕ್ಕ.

ಮನೆಯಲ್ಲಿರುವುದು ಅತ್ತೆಯೊಬ್ಬರೇ. ಸೊಸೆ ಚಪ್ಪಲಿ ಬಿಡುವ ಮೊದಲೇ ಹಳದಿಯಾದ ಗಾಜಿನ ಬಗ್ಗೆ ಅವರ ಪ್ರಶ್ನೆ ತಯಾರಿರುತ್ತದೆ: “ಏನೇ, ಇವತ್ತು ಯಾವ ಕೂಸಿಗೆ ಕಾಮಾಲೆ ಬಂತು?”

ಮಳೆಗಾಲವಿಡೀ ಅಕ್ಕ ಈ ಮಾತಿಗೆ ತಲೆ ತಗ್ಗಿಸಿದ್ದಾರೆ. “ಒಂದಿನ ತಡ್ಕೊಳ್ಳೋಕಾಗ್ಲಿಲ್ಲ. ‘ನಿಮ್ಮ ಮಗ ಕಲಿಸಿದ ಕೈ ಅತ್ತೆ ಇದು’ ಅಂದ್ಬಿಟ್ಟೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ ಹೇಳಿದ್ರು, ‘ಒಂದಾದ್ರೂ ಕೆಡದೆ ನಿಂತ್ರೆ ನಂಗೆ ತೋರ್ಸು’ ಅಂತ.”

ಒಂದು ನಿಂತಿದೆ. ಮಳೆ, ಬೇಸಿಗೆ ಎರಡನ್ನೂ ಕಂಡ ಆ ಕೊನೆಯ ಗಾಜು ಇನ್ನೂ ಕಂದಾಗಿಯೇ ಇದೆ. ಇಂದು ಸಂಜೆ ಪಕ್ಕದ ಮನೆಯವರ ಗಾಡಿಯಲ್ಲಿ ಅತ್ತೆ ಅದನ್ನು ನೋಡಲು ಬರುವವರಿದ್ದಾರೆ.

ಅಷ್ಟರಲ್ಲಿ ಸಂಶೋಧಕಿ ಮೇಡಂ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. “ಅಕ್ಕಾ, ಇದೊಂದೇ ಯಾಕೆ ಉಳೀತು ಅಂತ ಗೊತ್ತಾಗ್ಬೇಕು ಅಂದ್ರೆ ಕೊಯ್ದೇ ನೋಡ್ಬೇಕು. ಕೊಯ್ಯೋ ಯಂತ್ರ ಖಾಲಿ ಇರೋದು ಇವತ್ತು ಬೆಳಿಗ್ಗೆ ಮಾತ್ರ.”

ಅಕ್ಕನಿಗೆ ಇದು ಗೊತ್ತಿರುವುದೇ. ಕೆಡದೆ ಉಳಿದದ್ದನ್ನು ಕೊಯ್ಯದೆ ಇನ್ನೊಂದನ್ನು ಉಳಿಸುವುದು ಹೇಗೆಂದು ತಿಳಿಯದು. ತಿರುಪುಗಳನ್ನು ತಾವೇ ಬಿಚ್ಚಿ, ಗಾಜನ್ನು ಎರಡೂ ಕೈಯಲ್ಲಿ ಬೆಳಕಿಗೆ ಹಿಡಿಯುತ್ತಾರೆ. ಅದರಾಚೆ ಎದುರು ಮನೆಯ ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆಗಳು ಕಾಣುತ್ತವೆ.

ಮೇಡಂ ಪೆಟ್ಟಿಗೆಯ ಮುಚ್ಚಳ ತೆರೆದು ಗಡಿಯಾರ ನೋಡುತ್ತಾರೆ.

“ಸಂಜೆವರೆಗೂ ಬಿಡ್ತೀರಾ ಮೇಡಂ? ನಮ್ಮತ್ತೆ ಒಂದ್ಸಲ ನೋಡ್ಲಿ.”