ಜೋಳದ ಚೀಲ ಒದೆಯುವುದಿಲ್ಲ

ಹೋದ ವಾರ ಇಳಕಲ್ಲಿನ ಸೀರೆ ಅಂಗಡಿಯಲ್ಲಿ ನಾನು ಬೆನ್ನಿಗೆ ಜೋಳದ ಚೀಲ ಕಟ್ಟಿಕೊಂಡು ಕುಣಿದೆ.

ನಗಬೇಡಿ. (ಅಂಗಡಿಯವರು ನಕ್ಕರು. ಬಾಗಿಲಲ್ಲಿ ನಿಂತವರೂ ನಕ್ಕರು. ನಾನು ಕುಣಿಯುವುದನ್ನು ನಿಲ್ಲಿಸಲಿಲ್ಲ.) ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಬೇಕಿತ್ತು. ಟೆಸ್ಟ್ ಮಾಡದೆ ನಾನು ಬೆಂಕಿಪೆಟ್ಟಿಗೆಯನ್ನೂ ಕೊಂಡವನಲ್ಲ. ತಲೆಯ ಮೇಲೆ ಹಿತ್ತಾಳೆ ಪಾತ್ರೆ ಹೊತ್ತು ಸಂತೆ ಸಂತೆ ತಿರುಗಿ, ಕಡೆಗೆ ಬಾಗಲಕೋಟೆಯಲ್ಲಿ ಸ್ವಂತ ಅಂಗಡಿ ಹಾಕಿದವನು. ಕಣ್ಣು ಮುಚ್ಚಿ ಕೊಳ್ಳುವ ಅಭ್ಯಾಸ ನನಗೆ ಎಲ್ಲಿಂದ ಬರಬೇಕು?

ಸಂಗತಿ ಇಷ್ಟು. ಮಗಳು ಗಿರಿಜಾ ಬಾದಾಮಿಯಲ್ಲಿ ಅತ್ತೆಯ ಮನೆಯಲ್ಲಿದ್ದಾಳೆ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರ್. ಹೆರಿಗೆಯ ರಜೆ ಮುಗಿದಿತ್ತು. ಕೂಸು ತಾಯಿಯ ಹಾಲು ಬಿಟ್ಟು ಬೇರೇನನ್ನೂ ಮುಟ್ಟದು. ಹಾಗಾಗಿ ಅದನ್ನೂ ಶಾಲೆಗೆ ಒಯ್ಯಬೇಕು. ಬಸ್ಸಿಳಿದ ಮೇಲೆ ಹೊಲದ ದಾರಿಯಲ್ಲಿ ನಡಿಗೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಪುಸ್ತಕದ ಚೀಲ. ಕೂಸು ಬೆನ್ನ ಮೇಲೆ. ಬೇರೆ ದಾರಿ ಇದೆಯೇ?

ಇದೆ, ಅಂದರು ಅವಳ ಅತ್ತೆ, ನಮ್ಮ ಬೀಗತಿ ಗೌರಕ್ಕ. ನೌಕರಿ ಬಿಡುವುದು.

“ಕಲ್ಲ ಒಡ್ಯಾಕ ಹೋಗೋರಗತೆ ನಮ್ಮ ಸೊಸಿ ಬೆನ್ನಿಗೆ ಕೂಸ ಕಟಗೊಂಡು ಪ್ಯಾಟ್ಯಾಗ ಹಾದು ಹೋಗೂದಾ? ಮಂದಿ ಏನಂದಾರ್ರೀ ಬೀಗರ? ಸಾಲಿನೂ ಬ್ಯಾಡ, ಪಗಾರನೂ ಬ್ಯಾಡ.”

ಬಾದಾಮಿಗೆ ಹೋಗಿದ್ದ ನನ್ನನ್ನು ಗಿರಿಜಾ ಹಿತ್ತಲಿಗೆ ಕರೆದಳು. “ಅಪ್ಪಾ, ಮಂದಿ ವ್ಯಾಪಾರ ಎಲ್ಲಾ ಕುದುರಸ್ತೀ. ನಂದೊಂದು ಕುದುರ್ಸು. ಈ ಸಾಲಿ ಬಿಟ್ರ ನನಗ ಮತ್ತ ಸಾಲಿ ಸಿಗೂದಿಲ್ಲ.”

ಕುದುರಿಸಿದೆ. ಜಗುಲಿಯ ಮೇಲೆ ಕೂತು ಚಹಾದ ಮೇಲೆ ಚಹಾ ಕುಡಿದು ಒಪ್ಪಂದಕ್ಕೆ ತಂದೆ. ಕೂಸನ್ನು ಬೆನ್ನಿಗೆ ಕಟ್ಟಬಹುದು. ಆದರೆ ಹಳೆಯ ಬಟ್ಟೆಯಲ್ಲಿ ಅಲ್ಲ, ಹೊಸ ಇಳಕಲ್ ಸೀರೆಯಲ್ಲಿ. ಮತ್ತು ಸೆರಗು ಮುಂದೆ ಇಳಿಬಿದ್ದು ಎಲ್ಲರಿಗೂ ಕಾಣಬೇಕು. ನೋಡಿದವರು ‘ಮನೆತನಸ್ಥರು’ ಅನ್ನಬೇಕು.

ಎಂಥ ಸುಲಭದ ಷರತ್ತು ಅಂದುಕೊಂಡೆ! ಮರುದಿನವೇ ಹುನಗುಂದದ ಮೇಲಿಂದ ಇಳಕಲ್ಲಿಗೆ ಬಸ್ಸು ಹತ್ತಿದೆ.

ನಿಮ್ಮ ಮನೆಯಲ್ಲೂ ಕೂಸಿದ್ದರೆ ಕೇಳಿಟ್ಟುಕೊಳ್ಳಿ. ಬಟ್ಟೆಯ ಅಗಲ ಕೂಸಿನ ಮೊಣಕಾಲಿನಿಂದ ಕುತ್ತಿಗೆಯವರೆಗೆ ಬರಬೇಕು. ಕಾಲು ಜೋತಾಡಬಾರದು. ಕಪ್ಪೆ ಕೂತಂತೆ ಮಡಚಿ ತಾಯಿಯ ಸೊಂಟವನ್ನು ತಬ್ಬಿರಬೇಕು. ಗಂಜಿ ಹಾಕಿದ ಹೊಸ ಬಟ್ಟೆ ಎಳೆ ತೊಡೆಗೆ ಗರಗಸ. ಒಗೆದು, ಮೆತ್ತಗಾದ ಮೇಲೆಯೇ ಕಟ್ಟಬೇಕು. ಭಾರವೆಲ್ಲ ಹೆಗಲ ಮೇಲೆ ಕೂರಬಾರದು, ಸೊಂಟಕ್ಕೆ ಇಳಿಯಬೇಕು. (ಹೊರೆ ಹೊತ್ತವನ ಮಾತು ಇದು, ನಂಬಿ.)

ಹುಡುಗಿಯರು ಉಡುವ ಸಣ್ಣ ಸೀರೆಯೊಂದನ್ನು ಆರಿಸಿದೆ. ಕಪ್ಪು ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು, ಸೆರಗಿನ ಮೇಲೆ ಬಿಳಿಯ ಜೋಳದ ತೆನೆಗಳ ಸಾಲು. ಎಳೆದು ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಪಕ್ಕದ ಕಿರಾಣಿ ಅಂಗಡಿಯಿಂದ ಕೂಸಿನ ತೂಕದ ಜೋಳ ತಂದು ಬೆನ್ನಿಗೆ ಬಿಗಿದು ಕುಣಿದೆ.

“ಏನ್ರೀ ಸಾವ್ಕಾರ್ರ, ಸೀರಿ ತಗೊಳ್ಳಾಕ ಬಂದೀರೋ, ಬಯಲಾಟ ಆಡಾಕ ಬಂದೀರೋ?” ಅಂದ ಅಂಗಡಿಯವನು.

“ಇದರಾಗ ಕೂಸ ಹೊರೂದೈತಿ ತಮ್ಮಾ. ಹರದ್ರ ಇನ್ನೊಂದ ಕೂಸ ನೀ ತಂದ ಕೊಡ್ತೀಯೇನ?”

ಬಟ್ಟೆ ಹರಿಯಲಿಲ್ಲ. ಒಂದು ಎಳೆಯೂ ಅಲುಗಲಿಲ್ಲ. ಗೆದ್ದ ಪೈಲ್ವಾನನಂತೆ ಬಾದಾಮಿಗೆ ಬಂದೆ.

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಕೂಸನ್ನು ಕಟ್ಟುವ ಸಮಾರಂಭ. ಒಗೆದ ಸೀರೆ ಕೂಸನ್ನೂ ತಾಯಿಯನ್ನೂ ಸುತ್ತಿ ಬಂತು. ಗಿರಿಜಾ ಎದೆಯ ಮುಂದೆ ಗಂಟು ಹಾಕಿ, ಅದರ ಮೇಲೆ ಇನ್ನೊಂದು ಹಾಕಹೊರಟಳು. ಗೌರಕ್ಕ ಕೈ ಹಿಡಿದರು.

“ಎರಡ ಗಂಟ ಹಾಕಿದ್ರ ಸೆರಗ ಮುದುಡತೈತಿ. ಒಂದ ಸಾಕು. ತೆನಿ ಕಾಣ್ಲಿ.”

ಗಿರಿಜಾ ನನ್ನತ್ತ ನೋಡಿದಳು.

“ಬಟ್ಟಿ ಭಾಳ ಗಟ್ಟಿ ಐತಿ ಬಿಡವಾ,” ಅಂದೆ ನಾನು. “ಕುಣದ ನೋಡೇನಿ.”

ಬಸ್ ಸ್ಟ್ಯಾಂಡಿನವರೆಗೆ ನಮ್ಮ ಮೆರವಣಿಗೆ. ಮುಂದೆ ಗಿರಿಜಾ, ಹಿಂದೆ ಗೌರಕ್ಕ. ದಾರಿಯಲ್ಲಿ ಸಿಕ್ಕ ಹೆಂಗಸರು ಸೆರಗನ್ನು ಮೆಚ್ಚಿದಾಗಲೆಲ್ಲ ಗೌರಕ್ಕನ ಕುತ್ತಿಗೆ ಇಷ್ಟಿಷ್ಟೇ ಉದ್ದವಾಗುತ್ತಿತ್ತು. ನಾನು ಸ್ಟ್ಯಾಂಡಿನ ಪಕ್ಕ ಪೇರಲಹಣ್ಣು ಮಾರುವ ದ್ಯಾಮವ್ವನ ಬುಟ್ಟಿಯ ಮುಂದೆ ಕೂತು ಒಂದೊಂದೇ ಹಣ್ಣು ಒತ್ತಿ ನೋಡುತ್ತಿದ್ದೆ. ಗಿರಿಜಾ ಬುಟ್ಟಿಗೆ ಬೆನ್ನು ಮಾಡಿ ನಿಂತು ಬಸ್ಸಿನ ದಾರಿ ನೋಡುತ್ತಿದ್ದಳು. ಬಸ್ಸು ಬಂತು. ಡ್ರೈವರ್ ಹಾರ್ನ್ ಒತ್ತಿದ.

ಕೂಸಿಗೆ ಹಾರ್ನ್ ಖುಷಿ ಕೊಟ್ಟಿತು. ಎರಡೂ ಕಾಲು ಝಾಡಿಸಿ ಒದೆಯಿತು.

“ಅಪ್ಪಾ! ಬೆನ್ನ ಹಗರ ಆತು!”

ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ತಲೆ ಎತ್ತಿದೆ. ಮಗಳ ಎದೆಯ ಮೇಲೆ ಗಂಟಿಲ್ಲ. ಕೆಂಪು ಸೆರಗು ನೀರಿನಂತೆ ಸರ್ರನೆ ಜಾರಿ ಹೋಗುತ್ತಿದೆ. ರೇಷ್ಮೆ ಎಲ್ಲಿಯಾದರೂ ಗಂಟು ಹಿಡಿಯುತ್ತದೆಯೇ? ನನ್ನ ಕೈ ಎರಡೂ ಪೇರಲಹಣ್ಣಿನ ಮೇಲೆ! ಎತ್ತಬೇಕು ಅನ್ನುವಷ್ಟರಲ್ಲಿ ಕೂಸು ಜಾರಿ ಬಿತ್ತು.

ಬುಟ್ಟಿಯಲ್ಲಿ ಬಿತ್ತು. ಎಲೆ ಹಾಸಿದ ಬುಟ್ಟಿಯಲ್ಲಿ, ಹಣ್ಣುಗಳ ಮೇಲೆ. ಒಂದು ಮೊಳ ಆಚೆ ಇದ್ದದ್ದು ಕಲ್ಲು.

ಕೂಸು ತುಸು ಯೋಚಿಸಿ, ಅಳುವುದು ಬೇಡ ಎಂದು ತೀರ್ಮಾನಿಸಿ, ಹಲ್ಲಿಲ್ಲದ ಬಾಯನ್ನು ಒಂದು ಪೇರಲಹಣ್ಣಿಗೆ ಒತ್ತಿತು. ಗಿರಿಜಾ ಅದನ್ನು ಎತ್ತಿ ಕೈ, ಕಾಲು, ತಲೆ ಎಲ್ಲ ತಡವಿದಳು. ಏನೂ ಆಗಿರಲಿಲ್ಲ. ಅವಳ ತುಟಿ ಮಾತ್ರ ಬೆಳ್ಳಗಾಗಿತ್ತು.

ದ್ಯಾಮವ್ವ ನನ್ನನ್ನೇ ನೋಡುತ್ತಿದ್ದಳು. “ಎಪ್ಪಾ, ಪ್ಯಾರಲಹಣ್ಣ ಅಷ್ಟ ಒತ್ತಿ ಒತ್ತಿ ನೋಡ್ತಿ. ಆ ಗಂಟ ಒಂದ ಸಲ ಎಳದ ನೋಡಾಕ ಏನಾಗಿತ್ತೋ?”

ಕೈಯಲ್ಲೇ ಉಳಿದಿದ್ದ ಹಣ್ಣನ್ನು ಬುಟ್ಟಿಗೆ ಹಾಕಿದೆ.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೂಗಿದ: “ಬಾಯೀ, ಬರ್ತೀರೋ ಇಲ್ಲೋ?” ಗೌರಕ್ಕನ ತುಟಿ ಅಲುಗಿತು. ಈಗ ಬಂತು ಅಂದುಕೊಂಡೆ, ‘ನೌಕರಿ ಬಿಡು’. ನಾನು ಯಾವ ಮುಖ ಇಟ್ಟುಕೊಂಡು ವಾದಿಸಲಿ?

ಅಷ್ಟರಲ್ಲಿ ಗಿರಿಜಾ ಕೂಸನ್ನು ನನ್ನ ತೋಳಿಗೆ ಕೊಟ್ಟು, ದ್ಯಾಮವ್ವ ಹಣ್ಣು ಹೆಚ್ಚುವ ಚಾಕು ಎತ್ತಿಕೊಂಡಳು. ಸುತ್ತಲಿನ ಮಂದಿ ಹಿಂದೆ ಸರಿದರು. ಮಗಳು ಸೀರೆಯನ್ನು ಮಂಡಿಯ ಮೇಲೆ ಎಳೆದು ಹಿಡಿದು, ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡುವ ಜಾಗದಲ್ಲಿ ಚಾಕು ಇಟ್ಟಳು. ಪರ್ರನೆ ಕೊಯ್ದಳು.

ಹೊಸ ಇಳಕಲ್ ಸೀರೆಯ ಸೆರಗು! ನಮ್ಮ ಕಡೆಯ ಯಾವ ಹೆಂಗಸಾದರೂ ಅದಕ್ಕೆ ಚಾಕು ಇಟ್ಟದ್ದನ್ನು ನೀವು ಕಂಡಿದ್ದೀರಾ? ಕೂಸು ಬಿದ್ದಾಗ ನಿಂತ ಎದೆ ಎರಡನೆಯ ಸಲ ನಿಂತಿತು. ಗುಂಪಿನಲ್ಲೊಬ್ಬಳು “ಅಯ್ಯ ಶಿವನ!” ಅಂದಳು.

ಗಿರಿಜಾ ಆ ಕೆಂಪು ತುಂಡನ್ನು ಮಡಚಿ ಅತ್ತೆಯ ಕೈಯಲ್ಲಿಟ್ಟಳು. ದನಿ ಏರಿಸಲಿಲ್ಲ. “ಮಂದಿಗೆ ತೋರ್ಸೂದು ನಿಮ್ಮ ಕಡೆ ಇರ್ಲಿ ಅತ್ತಿ. ಹೊರೂದು ನನಗಿರ್ಲಿ.”

ಉಳಿದ ಹತ್ತಿಯ ಒಡಲಲ್ಲಿ ಕೂಸನ್ನು ಬೆನ್ನಿಗೆ ಬಿಗಿದಳು. ಗಂಟಿನ ಮೇಲೆ ಗಂಟು ಹಾಕಿದಳು. ಜೋರಾಗಿ ಎಳೆದು ನೋಡಿದಳು. ಛತ್ರಿ, ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು.

ಗೌರಕ್ಕ ಸೆರಗು ಹಿಡಿದು ನಿಂತಲ್ಲೇ ನಿಂತಿದ್ದರು. ಬಸ್ಸು ಹೊರಟಿತು. ಆಗ ಒಮ್ಮೆಲೇ ಧೂಳಿನಲ್ಲಿ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ, ಇಡೀ ಬಾದಾಮಿಗೆ ಕೇಳುವಂತೆ ಕೂಗಿದರು:

“ಇನ್ನೊಂದ ಗಂಟ ಹಾಕವಾ! ಮುದುಡಿದ್ರ ಮುದುಡ್ಲಿ!”

ನಾನು ಜಜ್ಜಿದ ಹಣ್ಣನ್ನೆಲ್ಲ ದ್ಯಾಮವ್ವ ಹೇಳಿದ ದರಕ್ಕೇ ಕೊಂಡೆ. ಚೌಕಾಸಿ ಮಾಡಲಿಲ್ಲ.

ಮನೆಗೆ ಮರಳುವಾಗ ಗೌರಕ್ಕ ಕೆಂಪು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ನಾನು ಜಜ್ಜಿದ ಹಣ್ಣು ಹೊತ್ತೆ. ಇಬ್ಬರೂ ಸೇರಿ ಜಗುಲಿಯ ಮೇಲೆ ಅಷ್ಟು ಜಾಣತನದಿಂದ ಕುದುರಿಸಿದ ಒಪ್ಪಂದದಲ್ಲಿ ಕೂಸಿನ ಕ್ಷೇಮದ ಮಾತೇ ಇರಲಿಲ್ಲ ಎಂಬುದು ಇಬ್ಬರಿಗೂ ಹೊಳೆದಿತ್ತು.

ಸೆರಗು ನೋಡಲು ಊರಿಗೆ ಊರೇ ಇದೆ. ಗಂಟು ಜಾರಿದಾಗ ಹಗುರಾಗುವ ಬೆನ್ನು ಯಾರದು?