ಎದುರು ಮನೆಯ ಇನ್ಶೂರೆನ್ಸ್ ಆಂಟಿ

೧೨ ಜನವರಿ ೧೯೮೬, ಭಾನುವಾರ. ಬೆಳಿಗ್ಗೆ ಹನ್ನೊಂದೂಕಾಲಿಗೆ ಬರೆಯಲು ಕೂತೆ.

ಎದುರು ಮನೆ ಆಂಟಿಯ ಬಲಗಾಲಿನ ಮೀನಖಂಡದ ಮೇಲೆ ಮೊಪೆಡ್ಡಿನ ಸೈಲೆನ್ಸರ್ ಸುಟ್ಟ ಕಲೆಯಿತ್ತು. ಒಂದು ಮಾಯುವ ಮುಂಚೆ ಅದರ ಮೇಲೇ ಇನ್ನೊಂದು ಬಿದ್ದು, ಜಾಗವೆಲ್ಲ ಸೀದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಸೀರೆ ಎತ್ತಿ ಸಿಕ್ಕಿಸಿ ಗಾಡಿ ಹತ್ತುವಾಗ ತ್ಯಾಗರಾಜನಗರದ ನಮ್ಮ ಬೀದಿಗೆಲ್ಲ ಅದು ಕಾಣುತ್ತಿತ್ತು. ಅವರು ಮುಚ್ಚಿಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವರ ವಾಹನ ವಿಮೆಯ ಏಜೆನ್ಸಿಯನ್ನು ಆಂಟಿ ವಹಿಸಿಕೊಂಡಿದ್ದರು. ಜಯನಗರ, ಬನಶಂಕರಿ, ಜೆ.ಪಿ. ನಗರ, ಕಾರಿದ್ದ ಮನೆ ಎಲ್ಲಿದ್ದರೂ ಹೋಗುತ್ತಿದ್ದರು. ಹೋದ ಮನೆಯಲ್ಲಿ ಕಾಫಿ ಕೊಟ್ಟರೆ ಬೇಡವೆನ್ನುತ್ತಿರಲಿಲ್ಲ, ಬೇಗ ಕುಡಿಯುತ್ತಲೂ ಇರಲಿಲ್ಲ. ಲೋಟ ತುಂಬಿರುವಾಗ ಎದ್ದು ಹೋಗಿ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿ ನಕ್ಕಿದ್ದರು. ನಗುವಾಗಲೂ ಸುಸ್ತಾದವರ ಹಾಗೆ ಕಾಣುತ್ತಿದ್ದರು.

೧೯೮೩ರಲ್ಲಿ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಪತ್ರಿಕೆಯಲ್ಲಿ ಬರುವ ಕಾರು ವಿಮೆಯ ಜಾಹೀರಾತುಗಳನ್ನು ದಿನಚರಿಯಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ದಸರಾ ಹತ್ತಿರ ಬಂದಂತೆ ಗೀಟುಗಳು ಹೆಚ್ಚಾದವು. ಕಂಪನಿಗಳೆಲ್ಲ ಸರ್ಕಾರದವೇ, ದರವೂ ಒಂದೇ, ಮತ್ತೆ ಈ ಪೈಪೋಟಿ ಯಾಕೆ ಎಂದು ಆಂಟಿಯನ್ನು ಕೇಳಿದೆ. ಒಂದು ಕಾರು ಆ ಆಫೀಸಿನಿಂದ ಈ ಆಫೀಸಿಗೆ ಬಂದರೆ ಇಲ್ಲಿನ ಸಾಹೇಬರಿಗೆ ಪ್ರಮೋಷನ್, ತನಗೆ ಕಮಿಷನ್, ಬರುವ ವರ್ಷ ಆ ಆಫೀಸಿನವರು ಅದನ್ನೇ ವಾಪಸ್ ಎಳೆಯಲು ಬರುತ್ತಾರೆ ಎಂದು ವಿವರಿಸಿದರು.

"ಕಾರು ನಿಂತಲ್ಲೇ ಇರುತ್ತೆ ಕಣೋ. ಓಡಾಡೋದು ನಾವು," ಎಂದರು.

ಆ ವರ್ಷ ಅವರ ಕಂಪನಿಯ ಜಾಹೀರಾತಿನಲ್ಲಿ ಬಾನೆಟ್ಟಿಗೆ ಕುಂಕುಮ ಹಚ್ಚಿದ ಕಾರಿನ ಚಿತ್ರವಿತ್ತು. ಆಯುಧಪೂಜೆಯ ದಿನವೇ ಹೊಸ ವಿಮೆ ಶುರು ಮಾಡಿಸಿ ಎಂಬುದು ಅದರ ಸಾರಾಂಶ. ಬೇರೆ ಕಂಪನಿಯ ಗಿರಾಕಿಗಳನ್ನು ತರದ ಏಜೆಂಟರನ್ನು ತೆಗೆದುಹಾಕುತ್ತೇನೆಂದು ಸಾಹೇಬರು ಹೇಳಿದ್ದರಂತೆ. ಆಂಟಿ ನಮ್ಮ ಮನೆಗೂ ಬಂದರು. ಅಪ್ಪ ಸುಲಭವಾಗಿ ಒಪ್ಪಿದರು. ಟಯರಿನಿಂದ ಸೀಟ್ ಕವರಿನವರೆಗೆ ಕಾರಿಗೆ ಏನೇ ಹೊಸದು ಹಾಕಿಸುವುದಿದ್ದರೂ ಅವರು ಆಯುಧಪೂಜೆಗೇ ಕಾಯುವವರು. ವಿಮೆಯೂ ಅಂದೇ ಶುರುವಾಗಲಿ ಎಂದರು.

ಹಳೆಯ ಪಾಲಿಸಿ ಪೂಜೆಯ ವಾರದ ಸೋಮವಾರವೇ ಮುಗಿದಿತ್ತು. ಪೂಜೆ ಶನಿವಾರ. ಬುಧವಾರ ಸಂಜೆ ಸಾರಕ್ಕಿ ಗೇಟಿನ ಹತ್ತಿರ ಅಪ್ಪನ ಕಾರು ತಲಘಟ್ಟಪುರದ ಸೊಪ್ಪು ಮಾರುವವರೊಬ್ಬರ ಸೈಕಲ್ಲಿಗೆ ಗುದ್ದಿತು. ಅವರ ತೊಡೆಯ ಮೂಳೆ ಮುರಿಯಿತು.

ಅಂದು ರಾತ್ರಿ ಆಂಟಿ ನಮ್ಮ ನಡುಮನೆಯಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಾಲಿಸಿ ಬರುವ ತನಕ ಏಜೆಂಟರು ತಾವೇ ಬರೆದುಕೊಡುವ ಕವರ್ ನೋಟ್ ಪುಸ್ತಕ ಅದರಲ್ಲಿತ್ತು. ಅಪ್ಪನಿಗೂ ಅದು ಗೊತ್ತಿತ್ತು.

"ಸೋಮವಾರದ ಡೇಟ್ ಹಾಕಿ ಒಂದು ಹಾಳೆ ಬರ್ದುಬಿಡಿ ತಾಯಿ. ಎಲ್ರೂ ಮಾಡ್ತಾರೆ," ಎಂದರು ಅಪ್ಪ.

ಆಂಟಿ ಬ್ಯಾಗಿನ ಜಿಪ್ಪು ಎಳೆದರು. ಬರೆಯುತ್ತಾರೆ ಅಂದುಕೊಂಡೆ. ಅವರು ತೆಗೆದದ್ದು ಕರ್ಚೀಫು.

"ಬರೀಬಹುದು ಸಾರ್. ಸುಳ್ಳು ಅಂತ ಕಂಪನಿಯವರು ಹಿಡಿದ್ರೆ ಕೇಸು ವರ್ಷಗಟ್ಟಲೆ ಎಳೀತಾರೆ. ಅಲ್ಲೀ ತನಕ ಆ ಸೊಪ್ಪಿನವರಿಗೆ ಕಾಸು ಹುಟ್ಟಲ್ಲ," ಎಂದರು. ಯಾರೂ ಕೇಳದಿದ್ದರೂ ಮುಂದುವರಿಸಿದರು. "ನಡುವೆ ವಿಮೆ ಇರಲ್ಲ ಅಂತ ನಂಗೆ ಗೊತ್ತಿತ್ತು. ಹೇಳಿದ್ರೆ ನೀವು ಹಳೇ ಕಂಪನೀಲೇ ಕಟ್ಟಿಬಿಡ್ತಿದ್ರಿ. ಅದಕ್ಕೇ ಹೇಳ್ಲಿಲ್ಲ."

ಅಪ್ಪ ಎದ್ದು ಒಳಗೆ ಹೋದರು. ಮತ್ತೆಂದೂ ಅವರ ಜೊತೆ ಮಾತಾಡಲಿಲ್ಲ. ಕಾರು ಮಾರಿ ಸೊಪ್ಪಿನವರಿಗೆ ಪರಿಹಾರ ಕೊಟ್ಟರು.

ಆ ಚಳಿಗಾಲದ ಭಾನುವಾರಗಳಲ್ಲಿ ಆಂಟಿ ತಲಘಟ್ಟಪುರಕ್ಕೆ ಹೋಗುತ್ತಿದ್ದರು. ಒಂದೆರಡು ಸಲ ನಾನೂ ಮೊಪೆಡ್ಡಿನ ಹಿಂದೆ ಕೂತು ಹೋದೆ. ಅಪ್ಪ ತಡೆಯಲಿಲ್ಲ. ಆಂಟಿ ಅಲ್ಲಿ ಕ್ಷಮೆ ಕೇಳಿದ್ದನ್ನು ನಾನು ನೋಡಲಿಲ್ಲ. ಸೊಪ್ಪಿನವರ ಹೆಂಡತಿಯ ಪಕ್ಕ ಕೂತು ದಂಟಿನ ಕಟ್ಟು ಕಟ್ಟಿಕೊಡುತ್ತಿದ್ದರು. "ಇನ್ಶೂರೆನ್ಸಮ್ಮ ಕಟ್ಟಿದ ಕಟ್ಟು ಮಾರ್ಕೆಟ್ ಮುಟ್ಟೋದ್ರೊಳಗೆ ಬಿಚ್ಚೋಯ್ತದೆ," ಎಂದು ಆಕೆ ರೇಗಿಸುತ್ತಿದ್ದರು. ಸೊಪ್ಪಿನವರು ಕೋಲಿಲ್ಲದೆ ನಡೆಯುವ ಹೊತ್ತಿಗೆ ಯುಗಾದಿ ಕಳೆದಿತ್ತು.

ಆಮೇಲೆ ಆಂಟಿ ವ್ಯಾಪಾರ ಮಾಡುವ ರೀತಿಯೇ ಬದಲಾಯಿತು. ಹೋದ ಮನೆಯಲ್ಲಿ ಮೊದಲು ಹಳೆಯ ಪಾಲಿಸಿ ಮುಗಿಯುವ ತಾರೀಕು ಕೇಳುತ್ತಿದ್ದರು. ದಿನ ಹತ್ತಿರವಿದ್ದು, ಮನೆಯವರು ಒಳ್ಳೆಯ ದಿನ ನೋಡೋಣ ಅಂದರೆ, ಇರುವ ಕಂಪನಿಯಲ್ಲೇ ಇವತ್ತೇ ಕಟ್ಟಿ ಎಂದು ಹೇಳಿ ಬರುತ್ತಿದ್ದರು. ಇದನ್ನು ಅಮ್ಮನಿಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇರಲಿಲ್ಲ, ಆಯಾಸವಿತ್ತು. ಸಾಹೇಬರು ಹೇಳಿದಂತೆಯೇ ಮರುವರ್ಷ ಏಜೆನ್ಸಿ ಹೋಯಿತು. ಅಲ್ಲಿಂದಾಚೆ ಮಕ್ಕಳಿಗೆ ಮನೆಪಾಠ ಹೇಳಿ ಬದುಕಿದರು.

ಕಳೆದ ತಿಂಗಳು ಜಾಂಡೀಸಿನಲ್ಲಿ ತೀರಿಕೊಂಡರು. ಅಪ್ಪ ಹೋಗಿ ಅವರ ಗೇಟಿನ ಹೊರಗೆ ತುಂಬಾ ಹೊತ್ತು ನಿಂತಿದ್ದು ಬಂದರು.

ನಾನೀಗ ಲೆಕ್ಕದ ಕೆಲಸಕ್ಕೇ ಸೇರಿದ್ದೇನೆ. ಹೇಳಬೇಕಾದದ್ದನ್ನು, ನನಗೆ ನಷ್ಟವಾದರೂ, ಸಹಿಗೆ ಮುಂಚೆಯೇ ಹೇಳಿಬಿಡುವ ಅಭ್ಯಾಸ ಅವರಿಂದ ಬಂದದ್ದು. ಅವರ ಮಾತಿಗೆ ಕಂಪನಿ ಬದಲಿಸಿದವರ ಹೆಸರುಗಳು ವಿಮೆ ಆಫೀಸಿನಲ್ಲಿ ಸಿಗುತ್ತವೆ. ಬದಲಿಸಬೇಡಿ ಎಂದು ಅವರು ಹೇಳಿ ಎದ್ದುಬಂದ ಮನೆಗಳ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. ಇದನ್ನು ಓದುತ್ತಿರುವ ನಿಮ್ಮ ಮನೆ ಅಂಥದ್ದಾಗಿದ್ದರೆ ನನಗೊಂದು ಅಂಚೆ ಕಾರ್ಡು ಬರೆಯಿರಿ.